ಬೋಟಿಗೆ ರಜೆ ಇದೆ, ಗಾಳಕ್ಕೆ ಇಲ್ಲ

ಜೂನ್ 1 ಬಂತೆಂದರೆ ಮಲ್ಪೆ ಬಂದರಿನಲ್ಲಿ ಬೋಟು ಕಟ್ಟಲು ಜಾಗ ಸಿಗುವುದಿಲ್ಲ. ಮಂಗಳೂರಿನ ಧಕ್ಕೆಯಲ್ಲೂ ಅದೇ ಕಥೆ. ಜುಲೈ 31ರವರೆಗೆ, ಅಂದರೆ 61 ದಿನ, ಯಾಂತ್ರೀಕೃತ ಮೀನುಗಾರಿಕೆ ಬಂದ್. ಅದೇ ಹೊತ್ತಿಗೆ ಇನ್ನೊಂದು ಗುಂಪು ಚುರುಕಾಗುತ್ತದೆ. ಬೈಕಿನ ಹಿಂದೆ ರಾಡು ಕಟ್ಟಿಕೊಂಡು, ಚೀಲದಲ್ಲಿ ಸಿಗಡಿ ಇಟ್ಟುಕೊಂಡು, ಹೊಳೆ ಕಡಲು ಸೇರುವ ಅಳಿವೆ ಬಾಗಿಲಿಗೆ, ಬ್ರೇಕ್‌ವಾಟರ್ ಕಲ್ಲುಗಳ ಮೇಲೆ, ಸೇತುವೆಗಳ ಬುಡಕ್ಕೆ ಹೊರಡುತ್ತಾರೆ. ಸಸಿಹಿತ್ಲು, ಸುರತ್ಕಲ್, ಕಾಪು, ಕೋಡಿಬೆಂಗ್ರೆ, ಗಂಗೊಳ್ಳಿ, ಎಲ್ಲಿ ನೋಡಿದರೂ ಗಾಳ. ಹೊಳೆಯ ಕೆಂಪು ನೀರು ಕಡಲಿಗೆ ನುಗ್ಗುವ ಕಾಲ ಅದು.

ಇವರಿಗೆ ರಜೆ ಇಲ್ಲ. ಕಾನೂನಿನ ಲೆಕ್ಕದಲ್ಲಿ ಇವರು ಮೀನುಗಾರರೇ ಅಲ್ಲ. ಕರ್ನಾಟಕದ 1986ರ ಕಡಲ ಮೀನುಗಾರಿಕೆ ನಿಯಂತ್ರಣ ಕಾಯ್ದೆ ಬರೆದಿರುವುದೇ ದೋಣಿ, ಬೋಟುಗಳನ್ನು ಮನಸ್ಸಿನಲ್ಲಿಟ್ಟುಕೊಂಡು. ಬಂಡೆಯ ಮೇಲೆ ನಿಂತು ಗಾಳ ಎಸೆಯುವವನು ಅದರ ಕಣ್ಣಿಗೆ ಬೀಳುವುದಿಲ್ಲ. ಆ ಕಾಯ್ದೆ ಬಂದ ಕಾಲಕ್ಕೆ ಅದು ಸರಿಯೇ ಇತ್ತು. ಆಗ ಗಾಳ ಅಂದರೆ ಹೆಚ್ಚೆಂದರೆ ಒಂದು ಬಿದಿರಿನ ಕೋಲು, ನೈಲಾನ್ ದಾರ, ರಾತ್ರಿಯ ಸಾರಿಗೆ ಎರಡು ಮೀನು. ಈಗ ಹಾಗಿಲ್ಲ. ಒಳ್ಳೆಯ ರೀಲು, ಹೆಣೆದ ದಾರ, ಪ್ಲಾಸ್ಟಿಕ್ ಮೀನು ಎಲ್ಲ ಆನ್‌ಲೈನ್‌ನಲ್ಲಿ ಮನೆ ಬಾಗಿಲಿಗೆ ಬರುತ್ತವೆ. ಯಾವ ಕಲ್ಲಿನ ಹತ್ತಿರ, ಯಾವ ಉಬ್ಬರಕ್ಕೆ ಮೀನು ಕಚ್ಚಿತು ಅನ್ನುವುದು ವಾಟ್ಸ್ಆ್ಯಪ್‌ನಲ್ಲಿ ಅದೇ ಸಂಜೆ ಊರಿಗೆಲ್ಲ ಗೊತ್ತಾಗುತ್ತದೆ. ಮರುದಿನ ಅದೇ ಕಲ್ಲಿನ ಮೇಲೆ ನಿಲ್ಲಲು ಜಾಗ ಇರುವುದಿಲ್ಲ.

ಹಾಗಾದರೆ ಗಾಳಕ್ಕೂ ನಿಷೇಧ ಬೇಕೇ? ನಮ್ಮ ಕರಾವಳಿಯಲ್ಲಿ ಈ ಪ್ರಶ್ನೆ ಕೇಳಿದರೆ ನಗುತ್ತಾರೆ. ಸಾವಿರಾರು ಬೋಟುಗಳು ಕಡಲನ್ನು ಗುಡಿಸಿ ಹಾಕುವಾಗ ಒಂದು ಗಾಳ ಯಾವ ಲೆಕ್ಕ ಅಂತ. ಆ ನಗುವಿನಲ್ಲಿ ನ್ಯಾಯ ಇದೆ, ಅದಕ್ಕೆ ಆಮೇಲೆ ಬರುತ್ತೇನೆ. ಆದರೆ ಹವ್ಯಾಸಿ ಮೀನುಗಾರಿಕೆಯನ್ನೇ ತಿಂಗಳುಗಟ್ಟಲೆ, ಕೆಲವೊಮ್ಮೆ ವರ್ಷಗಟ್ಟಲೆ ನಿಲ್ಲಿಸಿದ ದೇಶಗಳಿವೆ. ಅಲ್ಲಿ ಕೆಲವು ಕಡೆ ಮೀನು ವಾಪಸ್ ಬಂತು, ಕೆಲವು ಕಡೆ ಜಗಳ ಮಾತ್ರ ಉಳಿಯಿತು. ಎರಡನ್ನೂ ನೋಡಿದರೆ ನಮಗೆ ಬೇಕಾದ ವಿಷಯ ಸಿಗುತ್ತದೆ.

ಮೊದಲು ಗೆದ್ದ ಕಥೆ. ಅಮೆರಿಕದ ಪೂರ್ವ ಕರಾವಳಿಯಲ್ಲಿ ಸ್ಟ್ರೈಪ್ಡ್ ಬಾಸ್ ಅನ್ನುವ ಪಟ್ಟೆ ಮೀನಿದೆ. ಕಡಲಲ್ಲಿ ಬೆಳೆದು, ಮೊಟ್ಟೆ ಇಡಲು ಹೊಳೆಗೆ ಬರುವ ಜಾತಿ. 1970ರ ದಶಕದ ಕೊನೆಗೆ ಅದು ತೀರಾ ಕಡಿಮೆಯಾಯಿತು. 1984ರಲ್ಲಿ ಅಲ್ಲಿನ ಸಂಸತ್ತು ಆ ಒಂದು ಮೀನಿಗಾಗಿಯೇ ಕಾಯ್ದೆ ಮಾಡಿತು. 1985ರಿಂದ 1990ರವರೆಗೆ ಮೇರಿಲ್ಯಾಂಡ್ ರಾಜ್ಯ ಅದನ್ನು ಹಿಡಿಯುವುದನ್ನು ಪೂರ್ತಿ ನಿಲ್ಲಿಸಿತು. ಬಲೆಯವರಿಗೂ ಇಲ್ಲ, ಗಾಳದವರಿಗೂ ಇಲ್ಲ. 1995ರ ಹೊತ್ತಿಗೆ ಮೀನು ಚೇತರಿಸಿಕೊಂಡಿದೆ ಎಂದು ಘೋಷಣೆಯಾಯಿತು.

ಇಲ್ಲಿ ನನಗೆ ಮುಖ್ಯವಾಗಿ ಕಂಡದ್ದು ಐದು ವರ್ಷ ಅನ್ನುವ ಅವಧಿ ಅಲ್ಲ. ಅವರು ಗುರಿ ಇಟ್ಟುಕೊಂಡ ರೀತಿ. 1982ರಲ್ಲಿ ಹುಟ್ಟಿದ ಮರಿಗಳನ್ನು ಕಾಯೋಣ, ಆ ತಂಡದ ಹೆಣ್ಣುಗಳಲ್ಲಿ ಶೇಕಡ 95ರಷ್ಟು ಒಮ್ಮೆಯಾದರೂ ಮೊಟ್ಟೆ ಇಡುವವರೆಗೆ ಕೈ ಹಾಕುವುದು ಬೇಡ ಎಂದು ಆ ಕರಾವಳಿಯ ರಾಜ್ಯಗಳು ಸೇರಿ ತೀರ್ಮಾನಿಸಿದವು. ನಿಷೇಧ ಎಷ್ಟು ದಿನ ಅನ್ನುವುದನ್ನು ಮೀನು ಹೇಳಿತು, ಕ್ಯಾಲೆಂಡರ್ ಹೇಳಲಿಲ್ಲ.

ಈಗ ಸಿಕ್ಕಿಹಾಕಿಕೊಂಡ ಕಥೆ. ಅದೇ ದೇಶದ ದಕ್ಷಿಣದಲ್ಲಿ, ಅಟ್ಲಾಂಟಿಕ್ ಕಡೆ, ರೆಡ್ ಸ್ನ್ಯಾಪರ್ ಇದೆ. ನಮ್ಮ ಕೆಂಬೇರಿಯ ಬಳಗದ್ದೇ. ಐವತ್ತು ವರ್ಷಕ್ಕಿಂತ ಜಾಸ್ತಿ ಬದುಕಬಲ್ಲ ಮೀನು. 2010ರಲ್ಲಿ ಅದಕ್ಕೆ ನಿಷೇಧ ಬಂತು. ಆಮೇಲೆ ಕೆಲವು ವರ್ಷ ಒಂದಷ್ಟು ದಿನ ತೆರೆದರು, ಮತ್ತೆ ಮುಚ್ಚಿದರು. 2024ರಲ್ಲಿ ಹವ್ಯಾಸಿಗಳಿಗೆ ಸಿಕ್ಕ ಋತು ಎಷ್ಟು ಗೊತ್ತಾ? ಒಂದೇ ದಿನ, ಜುಲೈ 12. ಒಬ್ಬರಿಗೆ ಒಂದೇ ಮೀನು. 2025ರಲ್ಲಿ ಎರಡು ದಿನ.

ಇಷ್ಟು ಬಿಗಿ ಮಾಡಿದರೂ ಮೀನು ಸಾಯುವುದು ನಿಂತಿಲ್ಲ. ಕಾರಣ ಸರಳ. ನಿಷೇಧ ಇರುವುದು ಸ್ನ್ಯಾಪರ್‌ಗೆ ಮಾತ್ರ. ಅದರ ಪಕ್ಕದಲ್ಲೇ ಇರುವ ಬೇರೆ ಮೀನುಗಳಿಗೆ ಗಾಳ ಹಾಕಬಹುದು. ಗಾಳಕ್ಕೆ ಜಾತಿ ಗೊತ್ತಿಲ್ಲವಲ್ಲ. ಸ್ನ್ಯಾಪರ್ ಕಚ್ಚುತ್ತದೆ, ಮೇಲೆ ಬರುತ್ತದೆ, ಕಾನೂನಿಗೆ ಹೆದರಿ ವಾಪಸ್ ಬಿಡುತ್ತಾರೆ. ಆದರೆ ಆಳದಿಂದ ಸರಕ್ಕನೆ ಮೇಲೆ ಎಳೆದಾಗ ಮೀನಿನ ಹೊಟ್ಟೆಯೊಳಗಿನ ಗಾಳಿಚೀಲ ಉಬ್ಬುತ್ತದೆ. ಕಣ್ಣು ಹೊರಗೆ ಬರುತ್ತದೆ, ಕೆಲವೊಮ್ಮೆ ಜಠರವೇ ಬಾಯಿಂದ ಹೊರಗೆ ತಳ್ಳಿಕೊಂಡು ಬರುತ್ತದೆ. ನೀರಿಗೆ ಬಿಟ್ಟರೂ ಕೆಳಗೆ ಹೋಗಲು ಆಗದೆ ತೇಲುತ್ತದೆ. ಅಲ್ಲಿ ಈಗ ಮನೆಗೆ ಒಯ್ಯುವ ಸ್ನ್ಯಾಪರ್‌ಗಿಂತ ಹೀಗೆ ಬಿಟ್ಟು ಸಾಯುವ ಸ್ನ್ಯಾಪರ್ ಜಾಸ್ತಿ. ಮೀನನ್ನು ಮತ್ತೆ ಆಳಕ್ಕೆ ಇಳಿಸುವ ಭಾರದ ಸಾಧನವನ್ನು ದೋಣಿಯಲ್ಲಿ ಇಟ್ಟುಕೊಳ್ಳಲೇಬೇಕು ಎಂದು ನಿಯಮ ಬಂದಿದ್ದು ಇದಕ್ಕೇ.

ಆಳ ಕಡಿಮೆ ಇರುವ ಕಡೆ ಹಿಡಿದು ಬಿಟ್ಟರೂ ಪೂರ್ತಿ ಪುಕ್ಕಟೆ ಅಲ್ಲ. ಸ್ಟ್ರೈಪ್ಡ್ ಬಾಸ್ ಲೆಕ್ಕ ಮಾಡುವಾಗ, ಬಿಟ್ಟ ಮೀನುಗಳಲ್ಲಿ ಶೇಕಡ 9ರಷ್ಟು ಸಾಯುತ್ತವೆ ಎಂದೇ ಅಲ್ಲಿನ ವಿಜ್ಞಾನಿಗಳು ಹಿಡಿಯುತ್ತಾರೆ. ನೂರರಲ್ಲಿ ಒಂಬತ್ತು ಕಡಿಮೆ ಅನ್ನಿಸಬಹುದು. ಲಕ್ಷಗಟ್ಟಲೆ ಜನ ವರ್ಷವಿಡೀ ಹಿಡಿದು ಬಿಟ್ಟರೆ ಅದೇ ದೊಡ್ಡ ರಾಶಿ. ಸ್ಟ್ರೈಪ್ಡ್ ಬಾಸ್ ಈಗ ಮತ್ತೆ ಕಡಿಮೆಯಾಗಿದೆ, ಮತ್ತು ಈ ಸಲ ಬೆರಳು ತೋರಿಸುತ್ತಿರುವುದು ಹೆಚ್ಚಾಗಿ ಗಾಳದವರ ಕಡೆಗೇ. ಒಬ್ಬೊಬ್ಬರದು ಸಣ್ಣ ಪಾಲು. ಒಟ್ಟು ಸೇರಿದರೆ ಮಾತ್ರ ಕಾಣುವಂಥದ್ದು. ಅದಕ್ಕೇ ಯಾರಿಗೂ ತಪ್ಪು ಮಾಡಿದ ಹಾಗೆ ಅನ್ನಿಸುವುದಿಲ್ಲ.

ಇದೆಲ್ಲ ಅಮೆರಿಕದ ಮಾತಾಯಿತು, ನಮಗೇನು ಅಂತ ಕೇಳಬಹುದು. ಹಾಗಾದರೆ ಸೀಬಾಸ್ ವಿಷಯಕ್ಕೆ ಬನ್ನಿ. ನೇತ್ರಾವತಿ ಮತ್ತು ಗುರುಪುರ ಹೊಳೆ ಸೇರುವ ಅಳಿವೆಯಲ್ಲಿ, ಸೀತಾ ಮತ್ತು ಸ್ವರ್ಣಾ ಕಡಲು ಸೇರುವ ಕೋಡಿಬೆಂಗ್ರೆಯಲ್ಲಿ ಗಾಳದವರು ಕನಸು ಕಾಣುವ ಮೀನು ಇದು. ಆಸ್ಟ್ರೇಲಿಯಾದವರು ಬ್ಯಾರಮುಂಡಿ ಅನ್ನುವುದು ಇದನ್ನೇ. ಅಲ್ಲಿ ಕ್ವೀನ್ಸ್‌ಲ್ಯಾಂಡ್ ರಾಜ್ಯದ ಪೂರ್ವ ಕರಾವಳಿಯಲ್ಲಿ ನವೆಂಬರ್ 1ರಿಂದ ಫೆಬ್ರವರಿ 1ರವರೆಗೆ ಬ್ಯಾರಮುಂಡಿ ಹಿಡಿಯುವ ಹಾಗಿಲ್ಲ, ಹವ್ಯಾಸಿಗಳೂ ಸೇರಿದಂತೆ. ಅದು ಅವರ ಮಳೆಗಾಲದ ಶುರು, ಮೀನು ಮೊಟ್ಟೆ ಇಡುವ ಕಾಲ. ಉಳಿದ ತಿಂಗಳಲ್ಲೂ 58 ಸೆಂಟಿಮೀಟರ್‌ಗಿಂತ ಚಿಕ್ಕದನ್ನು ಇಟ್ಟುಕೊಳ್ಳುವ ಹಾಗಿಲ್ಲ, 120 ಸೆಂಟಿಮೀಟರ್‌ಗಿಂತ ದೊಡ್ಡದನ್ನೂ ಇಟ್ಟುಕೊಳ್ಳುವ ಹಾಗಿಲ್ಲ.

ಚಿಕ್ಕದು ಬೇಡ ಅನ್ನುವುದು ಅರ್ಥವಾಗುತ್ತದೆ. ದೊಡ್ಡದು ಏಕೆ ಬೇಡ? ಇಲ್ಲೇ ಈ ಮೀನಿನ ವಿಚಿತ್ರ ಇರುವುದು. ಸೀಬಾಸ್ ಬೆಳೆಯುವುದು ಗಂಡಾಗಿ. ಮೂರು ನಾಲ್ಕು ವರ್ಷಕ್ಕೆ ಪ್ರಾಯಕ್ಕೆ ಬಂದು, ಗಂಡಾಗಿಯೇ ಕೆಲವು ವರ್ಷ ಕಳೆದು, ಆರೆಂಟು ವರ್ಷವಾದ ಮೇಲೆ ಹೆಣ್ಣಾಗುತ್ತದೆ. ಅಂದರೆ ನೀವು ಎತ್ತಿ ಹಿಡಿದು ಫೋಟೊ ತೆಗೆಸಿಕೊಳ್ಳುವ ಆ ದೈತ್ಯ ಮೀನು ಬಹುತೇಕ ಹೆಣ್ಣೇ. ಅಂಥ ಒಂದು ಹೆಣ್ಣು ಕೋಟಿಗಟ್ಟಲೆ ಮೊಟ್ಟೆ ಇಡಬಲ್ಲದು. ಮೊಟ್ಟೆಗೆ ಉಪ್ಪು ನೀರು ಬೇಕು, ಮರಿಗೆ ಹಿನ್ನೀರಿನ ಆಸರೆ ಬೇಕು. ಹಾಗಾಗಿ ಅದು ಅಳಿವೆಯ ಬಾಯಿಗೆ ಬರುತ್ತದೆ. ನಮ್ಮ ಕಡೆ ಅದು ಮುಂಗಾರಿನ ಕಾಲ. ಅಲ್ಲಿ ನಾವು ಸಾಲಾಗಿ ನಿಂತಿರುತ್ತೇವೆ.

ಮುರು ಮೀನಿನದು ಇದರ ತದ್ವಿರುದ್ಧ. ಬಂಡೆ ಸಂದಿಯಲ್ಲಿ ಇರುವ ಈ ಜಾತಿಯ ಹೆಚ್ಚಿನವು ಮೊದಲು ಹೆಣ್ಣು, ದೊಡ್ಡದಾದ ಮೇಲೆ ಗಂಡು. ಅಲ್ಲಿ ದೊಡ್ಡದನ್ನೇ ಆರಿಸಿ ಹಿಡಿಯುತ್ತ ಹೋದರೆ ಗಂಡುಗಳು ಖಾಲಿಯಾಗುತ್ತವೆ. ಎರಡೂ ಕಡೆ ನಷ್ಟ ಆಗುವುದು ನಮ್ಮ ಒಂದೇ ಚಟದಿಂದ: ದೊಡ್ಡದು ಬೇಕು ಅನ್ನುವ ಚಟ. ಬಲೆ ಹಾಗೆ ಆರಿಸುವುದಿಲ್ಲ. ಗಾಳ ಆರಿಸುತ್ತದೆ. ಟನ್ ಲೆಕ್ಕದಲ್ಲಿ ಗಾಳ ಏನೂ ಅಲ್ಲ, ನಿಜ. ಆದರೆ ಒಂದು ಅಳಿವೆಯಲ್ಲಿ ಇರುವ ದೊಡ್ಡ ಹೆಣ್ಣುಗಳು ಎಷ್ಟಿರಬಹುದು? ಅವುಗಳಲ್ಲಿ ನಾಲ್ಕೈದು ಹೋದರೂ ಆ ಹೊಳೆಗೆ ಅದು ಗೊತ್ತಾಗುತ್ತದೆ.

ಈಗ ಆ ನಗುವಿನ ವಿಷಯ. ಗಾಳದವರಿಗೆ ಬುದ್ಧಿ ಹೇಳುವ ಮೊದಲು ಬಂದರಿನ ಕಡೆ ನೋಡಿ ಅನ್ನುವವರ ಮಾತು ತಳ್ಳಿಹಾಕುವಂಥದ್ದಲ್ಲ. ನಮ್ಮ 61 ದಿನದ ರಜೆಯನ್ನೇ ತೆಗೆದುಕೊಳ್ಳಿ. 2015ಕ್ಕೆ ಮೊದಲು ಕೇಂದ್ರದ ನಿಷೇಧ 47 ದಿನ ಇತ್ತು, ಆ ವರ್ಷ 61 ಮಾಡಿದರು. ಪಕ್ಕದ ಕೇರಳ ತನ್ನ ತೀರದ ನೀರಿನಲ್ಲಿ ಜೂನ್ 9ರ ನಡುರಾತ್ರಿಯಿಂದ 52 ದಿನ ಟ್ರಾಲ್, ಅಂದರೆ ಬೋಟಿನ ಹಿಂದೆ ಬಲೆ ಎಳೆದು ಹಿಡಿಯುವುದನ್ನು, ನಿಲ್ಲಿಸುತ್ತದೆ. ಮೀನಿಗೆ ತಲಪಾಡಿಯ ಗಡಿ ಗೊತ್ತಿಲ್ಲ, ಆದರೆ ರಜೆಗೆ ಗಡಿ ಇದೆ. ಪ್ರತಿ ವರ್ಷ ಚರ್ಚೆ ಆಗುವುದು ದಿನಗಳ ಬಗ್ಗೆಯೇ. ಹತ್ತು ದಿನ ಹೆಚ್ಚು ಮಾಡಿ, ಹತ್ತು ದಿನ ಕಡಿಮೆ ಮಾಡಿ. ಆಗಸ್ಟ್‌ನಲ್ಲಿ ಬಲೆಗೆ ಏನು ಬೀಳುತ್ತದೆ ಅನ್ನುವ ಬಗ್ಗೆ ಅಷ್ಟು ಬಿಸಿ ಚರ್ಚೆ ನಡೆಯುವುದಿಲ್ಲ.

ಬೂತಾಯಿಯ ಕಥೆ ಇದಕ್ಕೆ ಸಾಕ್ಷಿ. ಕುಂದಾಪುರದ ಕಡೆ ಬೈಗೆ ಅನ್ನುತ್ತಾರಲ್ಲ, ಅದು. ಮುಂಗಾರಿನ ಹೊತ್ತಿಗೆ ಮೊಟ್ಟೆ ಇಡಲು ಶುರು ಮಾಡುವ, ಎರಡು ಎರಡೂವರೆ ವರ್ಷ ಬದುಕುವ ಸಣ್ಣ ಮೀನು. 2012ರಲ್ಲಿ ಕೇರಳದಲ್ಲಿ 3.99 ಲಕ್ಷ ಟನ್ ಬೂತಾಯಿ ಸಿಕ್ಕಿತ್ತು. 2021ರಲ್ಲಿ ಸಿಕ್ಕಿದ್ದು 3,297 ಟನ್. ನೂರರಲ್ಲಿ ಒಂದು ಪಾಲೂ ಇಲ್ಲ. ನಮ್ಮ ಕಡೆಯೂ ಆ ವರ್ಷಗಳಲ್ಲಿ ಬಡವರ ಮೀನು ಅನ್ನುವ ಹೆಸರಿಗೆ ಅರ್ಥವೇ ಇಲ್ಲದಂತಾಗಿತ್ತು. ಈ ಒಂಬತ್ತು ವರ್ಷದಲ್ಲಿ ಮಳೆಗಾಲದ ರಜೆ ಒಂದು ವರ್ಷವೂ ತಪ್ಪಿರಲಿಲ್ಲ. ಆಮೇಲೆ ಬೂತಾಯಿ ವಾಪಸ್ ಬಂತು, ಅದೂ ರಜೆಯಿಂದಲೇ ಅಂತ ಹೇಳಲು ಆಗದು. ಕಡಲ ಬಿಸಿ, ಎಲ್ ನಿನೊ, ಮಳೆಯ ಏರುಪೇರು ಎಲ್ಲ ಈ ಮೀನನ್ನು ಕುಣಿಸುತ್ತವೆ. ಆದರೆ ಕೆಟ್ಟ ವರ್ಷಗಳಲ್ಲಿ ಮರಿಗಳನ್ನೂ ಬಾಚಿಕೊಂಡರೆ ಬೀಳುವುದು ಇನ್ನೂ ಜೋರಾಗಿ ಬೀಳುತ್ತದೆ. ಹಾಗೆ ಬಾಚಿದ ಮರಿಗಳು ಮಾರ್ಕೆಟ್ಟಿಗೂ ಬರುವುದಿಲ್ಲ, ಫಿಶ್‌ಮೀಲ್ ಕಾರ್ಖಾನೆಗೆ ಹೋಗಿ ಪುಡಿ, ಎಣ್ಣೆ ಆಗುತ್ತವೆ.

ಬೂತಾಯಿ ಮರಿಗಳ ಬಗ್ಗೆ ಸರ್ಕಾರ ತಲೆಕೆಡಿಸಿಕೊಂಡಿದ್ದು ಇದೇ ಮೊದಲಲ್ಲ. ದಕ್ಷಿಣ ಕನ್ನಡ ಇನ್ನೂ ಮದ್ರಾಸ್ ಪ್ರಾಂತ್ಯದಲ್ಲಿದ್ದಾಗ, 1940ರ ದಶಕದಲ್ಲಿ ಬೂತಾಯಿ ಕಾಣೆಯಾಗಿತ್ತು. 1943ರಲ್ಲಿ ಮದ್ರಾಸ್ ಸರ್ಕಾರ ಮರಿ ಮತ್ತು ಮೊಟ್ಟೆ ತುಂಬಿದ ಬೂತಾಯಿ ಹಿಡಿಯುವುದಕ್ಕೆ, ಅದಕ್ಕೆ ಬಳಸುವ ಕೆಲವು ಬಲೆಗಳಿಗೆ ತಡೆ ಹಾಕಿತು. ಕೆಲವೇ ವರ್ಷದಲ್ಲಿ ಅದನ್ನು ಹಿಂದಕ್ಕೆ ಪಡೆಯಿತು. ಆಗ ಇದ್ದದ್ದು ದಡದಿಂದ ಎಳೆಯುವ ರಂಪಣಿ ಬಲೆ, ಕೈಬಲೆ, ನಾಡದೋಣಿ. ಮೀನಿನ ಗುಂಪನ್ನೇ ಸುತ್ತುವರಿದು ಹಿಡಿಯುವ ಪರ್ಸೀನ್ ಬಲೆ ಬಂದು ರಂಪಣಿಯನ್ನು ಮೂಲೆಗೆ ತಳ್ಳಿದ್ದು 1970ರ ದಶಕದ ಕೊನೆಗೆ. ಅಂದಿನ ಬಲೆಗೇ ಮಿತಿ ಬೇಕು ಅನ್ನಿಸಿದ್ದರೆ ಇಂದಿನ ಬಲೆಗೆ ಏನನ್ನಬೇಕು?

ಮಿತಿ ಹಾಕಲು ದಾರಿ ಇಲ್ಲ ಅಂತಲ್ಲ. ಕೇರಳ 2015ರಲ್ಲಿ 14 ಜಾತಿಗೆ, 2017ರಲ್ಲಿ ಒಟ್ಟು 58 ಜಾತಿಗೆ ಕನಿಷ್ಠ ಅಳತೆ ಗೊತ್ತುಮಾಡಿತು. ಬೂತಾಯಿಗೆ 10 ಸೆಂಟಿಮೀಟರ್, ಬಂಗುಡೆಗೆ 14. ಅದಕ್ಕಿಂತ ಚಿಕ್ಕದು ಬೋಟಿನಲ್ಲಿ ಸಿಕ್ಕರೆ ದಂಡ. ಬೆಳಕು ಹಾಯಿಸಿ ಮೀನು ಸೇರಿಸಿ ಹಿಡಿಯುವುದನ್ನು ಕೇಂದ್ರ 2017ರ ನವೆಂಬರ್‌ನಲ್ಲಿ ನಿಷೇಧಿಸಿತು. ಆದರೂ ಲೈಟ್ ಫಿಶಿಂಗ್ ಬಗ್ಗೆ ಮಲ್ಪೆ, ಗಂಗೊಳ್ಳಿಯಲ್ಲಿ ನಾಡದೋಣಿಯವರು ಪ್ರತಿಭಟನೆ ಮಾಡುವುದು ನಿಂತಿಲ್ಲ. ಅವರು ಜೂನ್‌ನಲ್ಲಿ ಒಂದು ತೂಫಾನ್ ಆಗಲಿ, ಮೀನು ದಡಕ್ಕೆ ಬರಲಿ ಎಂದು ಕಾಯುವವರು. ಹತ್ತು ಅಶ್ವಶಕ್ತಿಯ ಒಳಗಿನ ಇಂಜಿನ್ ಇದ್ದರೆ ಅವರಿಗೆ ರಜೆ ಅನ್ವಯಿಸುವುದಿಲ್ಲ. ಅದು ಸರಿಯೇ. ಹೊಟ್ಟೆಪಾಡಿಗೆ ಸಣ್ಣ ದೋಣಿಯಲ್ಲಿ ಅಲೆಗೆ ಎದುರು ಹೋಗುವವನನ್ನೂ ವಾರಾಂತ್ಯದ ಮೋಜಿಗೆ ಬರುವವನನ್ನೂ ಒಂದೇ ತಕ್ಕಡಿಯಲ್ಲಿ ಹಾಕಬಾರದು. ಗಾಳ ಹಾಕಿಯೇ ಜೀವನ ಮಾಡುವವರೂ ನಮ್ಮಲ್ಲಿದ್ದಾರೆ. ನಿಯಮ ಬರುವುದಾದರೆ ಈ ವ್ಯತ್ಯಾಸ ಮೊದಲ ಸಾಲಿನಲ್ಲೇ ಇರಬೇಕು.

ಆದರೆ ಬೋಟಿನವರು ಸರಿಹೋಗುವವರೆಗೆ ನಾವು ಏನೂ ಮಾಡುವುದಿಲ್ಲ ಅನ್ನುವ ವಾದ ನನಗೆ ಒಪ್ಪಿಗೆಯಾಗುವುದಿಲ್ಲ. ಟ್ರಾಲ್ ಬೋಟು ಸೀಬಾಸ್‌ನ ಅಳಿವೆಗೆ ಬರುವುದೇ ಇಲ್ಲ. ಅಲ್ಲಿ ಇರುವುದು ಸಣ್ಣ ಬಲೆಗಳು ಮತ್ತು ಗಾಳಗಳು. ಅಲ್ಲಿನ ಮೀನಿಗೆ ಬೋಟಿನ ತಪ್ಪು ಒಂದು ನೆಪವಷ್ಟೇ.

ಹವ್ಯಾಸಕ್ಕೆ ರಜೆ ಅನ್ನುವುದು ನಮ್ಮ ಊರಿಗೆ ಹೊಸದು ಅಂತ ಹೇಳುವ ಹಾಗೂ ಇಲ್ಲ. ಚೇಳಾಯ್ರು ಖಂಡಿಗೆಯ ಧರ್ಮರಸು ಉಳ್ಳಾಯ ದೈವಸ್ಥಾನದ ಜಾತ್ರೆ ಗೊತ್ತಲ್ಲ. ಮೇ ತಿಂಗಳ ನಡುವಿನಲ್ಲಿ ಊರವರೆಲ್ಲ ಬಲೆ, ಬುಟ್ಟಿ ಹಿಡಿದು ನಂದಿನಿ ಹೊಳೆಗೆ ಇಳಿಯುತ್ತಾರೆ. ಅಪ್ಪಣೆ ಆಗುವವರೆಗೆ ಯಾರೂ ಮೀನು ಮುಟ್ಟುವುದಿಲ್ಲ. ಹಿಡಿದ ಮೀನು ಪ್ರಸಾದದ ಹಾಗೆ ಮನೆಗೆ ಹೋಗುತ್ತದೆ. ಆ ದಿನ ಬರುವುದು ಮಳೆಗೆ ಮೊದಲು, ಹೆಚ್ಚಿನ ಹೊಳೆ ಮೀನು ಮೊಟ್ಟೆಗೆ ಹೊರಡುವ ಮೊದಲು ಅನ್ನುವುದು ನನಗೆ ಕುತೂಹಲದ ವಿಷಯ. ಲೆಕ್ಕ ಹಾಕಿ ಇಟ್ಟದ್ದೋ, ತಾನಾಗಿ ಹಾಗೆ ಬಂದದ್ದೋ, ಮೀನಿಗಂತೂ ಅನುಕೂಲವೇ. ಈಗ ಆ ಹೊಳೆಗೆ ಸೇರುವ ಕೊಳಚೆಯದ್ದೇ ದೊಡ್ಡ ದೂರು. ಜಾತ್ರೆ ಎಷ್ಟೇ ಶಿಸ್ತಾಗಿ ನಡೆದರೂ ನೀರು ಕೆಟ್ಟರೆ ಏನು ಉಪಯೋಗ?

ಶಿಶಿಲದ ಕಪಿಲಾ ಹೊಳೆಯಲ್ಲಿ ಇನ್ನೂ ಬಿಗಿ. ಅಲ್ಲಿ ದೇವರ ಮೀನು, ಮುಟ್ಟುವ ಹಾಗೇ ಇಲ್ಲ. ಜನ ಅಕ್ಕಿ, ಮಂಡಕ್ಕಿ ಹಾಕಿ ಬರುತ್ತಾರೆ. 1996ರಲ್ಲಿ ಯಾರೋ ವಿಷ ಹಾಕಿ ಸಾವಿರಾರು ಮೀನು ಸತ್ತಾಗ ಊರವರು ಅವುಗಳಿಗೆ ಸ್ಮಾರಕ ಕಟ್ಟಿಸಿದರು. ಮಹಸೀರ್ ಜಾತಿಯ ಮೀನುಗಳು ಹೊಳೆಹೊಳೆಗಳಲ್ಲಿ ಕಡಿಮೆಯಾಗುತ್ತ ಬಂದರೂ ದೇವಸ್ಥಾನದ ಗುಂಡಿಗಳಲ್ಲಿ ಉಳಿದುಕೊಂಡಿವೆ.

ಇದನ್ನೇ ಹಿಡಿದು ನಮ್ಮ ಹಿರಿಯರು ಎಷ್ಟು ಜಾಣರಿದ್ದರು ಅಂತ ಬೀಗುವವರಿಗೆ ಒಂದು ಮಾತು. ಮೊದಲ ಮಳೆಗೆ ತೋಡು, ಗದ್ದೆಗೆ ಹತ್ತಿ ಬರುವ ಹತ್ತುಮೀನನ್ನು ಕೂಣಿ ಇಟ್ಟು, ಕತ್ತಿಯಲ್ಲಿ ಕಡಿದು, ಟಾರ್ಚ್ ಹಿಡಿದು ರಾತ್ರಿಯೆಲ್ಲ ಬೇಟೆ ಆಡುವುದೂ ನಮ್ಮದೇ ಪರಂಪರೆ. ಆ ಮೀನಿನ ಹೊಟ್ಟೆ ತುಂಬ ಮೊಟ್ಟೆ. ಅದು ಹತ್ತುವುದೇ ಮೊಟ್ಟೆ ಇಡಲು. ಕೇರಳದಲ್ಲಿ ಇಂಥ ಬೇಟೆಗೆ ಕಾನೂನಿನ ತಡೆ ಇದೆ. ನಮ್ಮಲ್ಲಿ ವಿಡಿಯೊ ಮಾಡಿ ಹಾಕುತ್ತೇವೆ, ಸಾವಿರಾರು ಲೈಕ್ ಬರುತ್ತದೆ. ರುಚಿ ಜಾಸ್ತಿ, ಒಪ್ಪುತ್ತೇನೆ.

ಹಾಗಾದರೆ ಏನು ಮಾಡಬಹುದು? ಎಲ್ಲ ಗಾಳಕ್ಕೂ ಎರಡು ತಿಂಗಳು ಬಂದ್ ಅನ್ನುವುದು ನನ್ನ ಪ್ರಕಾರ ಕೆಟ್ಟ ನಿಯಮ. ಕಾಣೆ ಮೀನು ಹಿಡಿಯುವ ಅಜ್ಜನಿಗೂ ಏಡಿ ಹಿಡಿಯುವ ಹುಡುಗರಿಗೂ ಅದರಿಂದ ಸುಮ್ನೆ ತೊಂದರೆ. ಪೊಲೀಸರಿಗೆ ಇನ್ನೊಂದು ವಸೂಲಿ ದಾರಿ ಬೇರೆ. ಜೊತೆಗೆ ರೆಡ್ ಸ್ನ್ಯಾಪರ್‌ನಲ್ಲಿ ಆದ ಎಡವಟ್ಟೂ ಇದೆ: ಜಾತಿಯ ಹೆಸರಿನಲ್ಲಿ ನಿಷೇಧ ಹಾಕಿ, ಅದೇ ಜಾಗದಲ್ಲಿ ಗಾಳ ಮುಂದುವರಿದರೆ ಮೀನು ಸಾಯುತ್ತಲೇ ಇರುತ್ತದೆ. ನಮಗೆ ಅನುಕೂಲ ಇರುವುದು ಏನೆಂದರೆ ಸೀಬಾಸ್ ಮೊಟ್ಟೆಗೆ ಸೇರುವ ಜಾಗ ಅಗಲವಾದ ಕಡಲಲ್ಲ, ಕೈಬೆರಳೆಣಿಕೆಯ ಅಳಿವೆಗಳು. ಜಾಗವನ್ನೇ ಮುಚ್ಚಬಹುದು. ಜೂನ್, ಜುಲೈನಲ್ಲಿ ಅಳಿವೆ ಬಾಯಿಯ ಒಂದಿಷ್ಟು ಉದ್ದಕ್ಕೆ ಹವ್ಯಾಸದ ಗಾಳ ಬೇಡ, ಉಳಿದ ಕಡೆ ಹಾಕಿಕೊಳ್ಳಿ. ಆ ಕಲ್ಲುಗಳ ಮೇಲಿಂದ ಮಳೆಗಾಲದಲ್ಲಿ ಜಾರಿ ಬಿದ್ದು ಜೀವ ಕಳೆದುಕೊಳ್ಳುವವರ ಸುದ್ದಿಯೂ ಸ್ವಲ್ಪ ಕಡಿಮೆಯಾದೀತು. ವರ್ಷವಿಡೀ ಅನ್ವಯಿಸುವ ಹಾಗೆ ಸೀಬಾಸ್‌ಗೆ ಕೆಳಗಿನ ಅಳತೆಯೂ ಮೇಲಿನ ಅಳತೆಯೂ ಇರಲಿ. ಕ್ವೀನ್ಸ್‌ಲ್ಯಾಂಡಿನ ಅಂಕಿಯನ್ನೇ ನಕಲು ಮಾಡುವುದು ಬೇಡ. ನಮ್ಮ ಹೊಳೆಯ ಮೀನು ಎಷ್ಟು ಉದ್ದಕ್ಕೆ ಹೆಣ್ಣಾಗುತ್ತದೆ ಎಂದು ನೋಡಿ ಗೊತ್ತುಮಾಡಲು ಮಂಗಳೂರಿನಲ್ಲೇ ಮೀನುಗಾರಿಕೆ ಕಾಲೇಜಿದೆ, ಕೇಂದ್ರೀಯ ಕಡಲ ಮೀನುಗಾರಿಕೆ ಸಂಶೋಧನಾ ಸಂಸ್ಥೆಯ (ಸಿಎಂಎಫ್‌ಆರ್‌ಐ) ಕೇಂದ್ರವಿದೆ.

ಇದನ್ನು ಕಾಯುವವರು ಯಾರು ಅನ್ನುವುದು ನಿಜವಾದ ತೊಡಕು. ಬೋಟಿಗೆ ನೋಂದಣಿ ನಂಬರ್ ಇದೆ, ಬಂದರಿದೆ, ಡೀಸೆಲ್ ಸಬ್ಸಿಡಿ ಇದೆ. ತಪ್ಪು ಮಾಡಿದರೆ ಹಿಡಿಯಲು ಏನಾದರೂ ಕೈಗೆ ಸಿಗುತ್ತದೆ. ಬೈಕಿನಲ್ಲಿ ಬಂದು ಹೋಗುವವನಿಗೆ ಅದು ಯಾವುದೂ ಇಲ್ಲ. ಎಷ್ಟು ಜನ ಗಾಳ ಹಾಕುತ್ತಾರೆ, ಏನು ಹಿಡಿಯುತ್ತಾರೆ ಅನ್ನುವುದನ್ನು ಯಾರೂ ಬರೆದಿಡುತ್ತಿಲ್ಲ. ಲೈಸೆನ್ಸ್ ಅಂದ ಕೂಡಲೇ ಎಲ್ಲರಿಗೂ ಸಿಟ್ಟು ಬರುತ್ತದೆ. ದುಡ್ಡಿಲ್ಲದ, ಮೊಬೈಲಿನಲ್ಲೇ ಆಗುವ ಒಂದು ನೋಂದಣಿ ಇದ್ದರೆ ಸಾಕು. ಕಡೇಪಕ್ಷ ಲೆಕ್ಕವಾದರೂ ಸಿಗುತ್ತದೆ. ಲೆಕ್ಕ ಇಲ್ಲದೆ ಹಾಕಿದ ನಿಷೇಧವನ್ನು ಕೋರ್ಟಿನಲ್ಲಿ ಯಾರಾದರೂ ಪ್ರಶ್ನಿಸಿದರೆ ಇಲಾಖೆಯ ಹತ್ತಿರ ತೋರಿಸಲು ಏನಿರುತ್ತದೆ?

ಸರ್ಕಾರ ಅಷ್ಟು ಮಾಡುವವರೆಗೆ ಕಾಯಬೇಕಾಗಿಲ್ಲದ ಕೆಲಸ ಒಂದಿದೆ, ಅದು ಗಾಳದವರ ಕೈಯಲ್ಲೇ ಇದೆ. ನಮ್ಮ ಕರಾವಳಿಯಲ್ಲಿ ಈಗ ಗಾಳ ಹಾಕುವ ಸ್ಪರ್ಧೆಗಳು ನಡೆಯುತ್ತವೆ. ಬಹುಮಾನ ಹೆಚ್ಚಾಗಿ ತೂಕಕ್ಕೆ. ದೊಡ್ಡ ಮೀನು ತಂದವನಿಗೆ ಕಪ್. ಅದನ್ನು ಬದಲಾಯಿಸಿ, ಅಳತೆ ಪಟ್ಟಿಯ ಮೇಲೆ ಇಟ್ಟು ಫೋಟೊ ತೆಗೆದು ಬದುಕಿರುವಾಗಲೇ ವಾಪಸ್ ಬಿಟ್ಟದ್ದಕ್ಕೆ ಅಂಕ ಕೊಡಬಹುದು. ಮುಳ್ಳಿಲ್ಲದ ಕೊಕ್ಕೆ ಕಡ್ಡಾಯ ಮಾಡಬಹುದು. ಜೂನ್, ಜುಲೈನಲ್ಲಿ ಅಳಿವೆಯ ಹತ್ತಿರ ಸ್ಪರ್ಧೆ ಇಡದಿದ್ದರೆ ಆಯಿತು. ಇದಕ್ಕೆ ಕಾಯ್ದೆ ಬೇಡ, ಇಲಾಖೆಯ ಸುತ್ತೋಲೆ ಬೇಡ, ಸ್ಪರ್ಧೆ ನಡೆಸುವವರ ಒಂದು ಸಂಜೆಯ ಮೀಟಿಂಗ್ ಸಾಕು.